ದೀಪಾವಳಿಗೆ ಒಂದಾದರೂ ಹಸಿರು ಲಾನ್

ಹುಲ್ಲಿಗೆ ಬೇಕಾದದ್ದು ಮಣ್ಣು, ನೀರು, ಬಿಸಿಲು. ಮೂರಕ್ಕೂ ಬೆಳಗಾವಿಯಲ್ಲಿ ಕೊರತೆಯಿಲ್ಲ. ಆದರೂ ಮನೆ ಮುಂದೆ ಲಾನ್ ಮಾಡಿಸಲು ಹೊರಟವರ ಕಥೆ ಒಂದೂ ನೆಟ್ಟಗೆ ಮುಗಿಯುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಖಾನಾಪುರ ರಸ್ತೆಯ ಒಂದು ನರ್ಸರಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲೇ ನನಗಿದು ಗೊತ್ತಾಯಿತು.

ನರ್ಸರಿಯ ಮಾಲೀಕರನ್ನು ಊರೆಲ್ಲ ಚಾಚಾ ಅನ್ನುತ್ತಿತ್ತು. ನಾನೂ ಹಾಗೇ ಕರೆದೆ. ಗುಲಾಬಿ, ಮಾವಿನ ಕಸಿ ಅವರ ಕೈಗೆ ಒಲಿದ ವಿದ್ಯೆ. ಲಾನ್ ಮಾತ್ರ ಹೊಸ ವ್ಯಾಪಾರ. ಅದಕ್ಕೆಂದೇ ನನ್ನನ್ನು ತೆಗೆದುಕೊಂಡರು, ಒಂದು ಕರಾರಿನ ಮೇಲೆ.

“ನೋಡ್ ಬೇಟಿ, ದೀಪಾವಳಿ ತನಕ ಟ್ರಾಯಲ್. ನೀ ಆರಿಸಿಕೊಟ್ಟ ಹುಲ್ಲು ಅವತ್ತ ಒಂದ ಕಡೆಯರ ಹಸರ ಇರಬೇಕು. ಇದ್ರ ನೌಕರಿ ಪಕ್ಕಾ. ಇಲ್ಲಾಂದ್ರ ನಿಮ್ಮಪ್ಪ ಹೇಳಿದಂಗ ಬಿ.ಎಡ್. ಮಾಡು.”

ನನಗೆ ಬಿ.ಎಡ್. ಬೇಡವಾಗಿತ್ತು. ಐವತ್ತು ಮಕ್ಕಳನ್ನು ಒಟ್ಟಿಗೆ ಕಂಡರೆ ನನಗೆ ಬೆವರು ಬರುತ್ತದೆ. ಹುಲ್ಲು ಎಷ್ಟಿದ್ದರೂ ಗಲಾಟೆ ಮಾಡುವುದಿಲ್ಲ.

ಐದು ಪ್ರಶ್ನೆಗಳ ಫಾರ್ಮ್ ಒಂದನ್ನು ತಯಾರಿಸಿದೆ. ಉತ್ತರ ನೋಡಿ ಮೂರರಲ್ಲಿ ಒಂದು ಹುಲ್ಲು ಆರಿಸುವುದು. ಪೂರ್ತಿ ಬಿಸಿಲಿದ್ದರೆ ಕರಿಕಿ, ಅಂದರೆ ಗಣಪತಿಗೆ ಏರಿಸುವ ಗರಿಕೆ. ಬಿಸಿಲಿನ ಜೊತೆಗೆ ಗಾದಿಯಂತೆ ಮೆತ್ತಗೂ ಇರಬೇಕೆಂದರೆ ಕೊರಿಯನ್ ಹುಲ್ಲು. ನೆರಳಿದ್ದರೆ ಅಗಲ ಎಲೆಯ ನೆರಳುಹುಲ್ಲು. ವಿಜ್ಞಾನದಲ್ಲಿ ತಪ್ಪಿರಲಿಲ್ಲ.

೧. ಬಿಸಿಲು ಎಷ್ಟು ತಾಸು?

ಮೊದಲ ಗಿರಾಕಿ ಟಿಳಕವಾಡಿಯ ನಿವೃತ್ತ ಅಧಿಕಾರಿ. ಜುಲೈ ತಿಂಗಳು. ಎರಡು ವಾರದಿಂದ ಬೆಳಗಾವಿಯಲ್ಲಿ ಸೂರ್ಯನನ್ನು ಯಾರೂ ನೋಡಿರಲಿಲ್ಲ. ನೆರಳು ಅಳೆಯುವ ಮಾತೇ ಇಲ್ಲ. ಕೇಳಿಯೇ ಬರೆದುಕೊಳ್ಳಬೇಕು.

“ಅಂಗಳಕ್ಕ ಬಿಸಲು ಎಷ್ಟ ತಾಸು ಬೀಳ್ತದ್ರಿ?”

“ಇಡೀ ದಿನ. ಬರಕೋರಿ.”

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. “ಯಾವ ಬಿಸಲ್ರೀ? ಸಂಡಿಗಿ ಒಣಗಸಾಕ ನಾ ಬಾಜೂ ಮನಿ ಮಾಳಿಗಿ ಹತ್ತತೀನಿ.”

“ಸಂಡಿಗಿ ಬ್ಯಾರೆ, ಹುಲ್ಲು ಬ್ಯಾರೆ. ನೀವು ಬರಕೋರಿ.”

ಫಾರ್ಮಿನ ಕೊನೆಯಲ್ಲಿ ‘ಮನೆಯ ಯಜಮಾನರ ಸಹಿ’ ಎಂದಿತ್ತು. ಹಾಗಾಗಿ ಯಜಮಾನರನ್ನೇ ನಂಬಿದೆ. ಮೆತ್ತಗಿರಲಿ ಎಂದರು, ಕೊರಿಯನ್ ಹುಲ್ಲು ಹಾಕಿಸಿದೆವು. ಸೆಪ್ಟೆಂಬರಿನಲ್ಲಿ ಸೂರ್ಯ ಬಂದ. ಅವನ ಜೊತೆಗೇ ಪಕ್ಕದ ಮೂರಂತಸ್ತಿನ ಮನೆಯ ನೆರಳೂ ಬಂತು. ಬೆಳಿಗ್ಗೆ ಎಂಟಕ್ಕೆ ಬಂದು ಅಂಗಳದಲ್ಲಿ ಮಲಗಿದ ನೆರಳು ಸಂಜೆ ಐದರವರೆಗೆ ಏಳುತ್ತಿರಲಿಲ್ಲ. ಹುಲ್ಲು ಬೋಳಾಯಿತು.

“ನಿಮ್ಮ ಹುಲ್ಲಿಗೆ ದಮ್ ಇಲ್ಲ” ಎಂದರು ಅಧಿಕಾರಿ. ಅವರ ಹೆಂಡತಿ ಒಳಗೆ ಹೋದರು. ಒಂದು ತಾಟಿನಲ್ಲಿ ಕರಿದ ಸಂಡಿಗೆ ತಂದು ನನ್ನ ಮುಂದೆ ಇಟ್ಟರು.

ಅಂದು ಸಂಜೆ ಫಾರ್ಮಿನ ಮೊದಲ ಪ್ರಶ್ನೆ ಹೊಡೆದು ಹಾಕಿ, ಹೀಗೆ ಬರೆದೆ: ‘ಸಂಡಿಗೆ ಎಲ್ಲಿ ಒಣಗಿಸುತ್ತೀರಿ?’

೨. ಬಣ್ಣದ ಗ್ಯಾರಂಟಿ

ಶಹಾಪುರದ ಒಬ್ಬ ಗೃಹಿಣಿ ನರ್ಸರಿಗೇ ಬಂದರು. ಸೀರೆ ಅಂಗಡಿಯಲ್ಲಿ ಕೂತಂತೆ ಕೂತು, “ಎಲ್ಲಾ ಬಿಚ್ಚಿ ತೋರಸ್ರಿ” ಎಂದರು. ಹುಲ್ಲಿನ ಹಾಸುಗಳನ್ನು ಒಂದೊಂದಾಗಿ ಬಿಡಿಸಿ ಹಾಸಿದೆವು. ಅವರು ಅಂಚು ಹಿಡಿದು ನೋಡಿದರು, ಸವರಿದರು, ಬೆಳಕಿಗೆ ಹಿಡಿದರು.

“ಇದರಾಗ ಸ್ವಲ್ಪ ತಿಳಿ ಬಣ್ಣ ಇಲ್ಲೇನು? ನಮ್ಮ ಕಂಪೌಂಡ್ ಗೋಡಿ ಪಿಸ್ತಾ ಕಲರ್ ಅದ.”

ಕರಿಕಿ ಅವರಿಗೆ ಒಪ್ಪಿತು. ಚಾಚಾ ಬಿಲ್ ಪುಸ್ತಕ ತೆಗೆದರು.

“ಬಣ್ಣ ಹೋಗಂಗಿಲ್ಲ, ಹೌದಲ್ರೀ?”

ಚಾಚಾ ಬಾಯಿ ತೆರೆಯುವ ಮೊದಲೇ ನಾನು, “ನೀರ ಕಡಿಮಿ ಆದ್ರ ಮಾರ್ಚ್‌ದಾಗ ಹಳದಿ ಆಗ್ತದ್ರಿ” ಎಂದೆ.

ಅವರು ಎದ್ದು ಸೆರಗು ಕೊಡವಿಕೊಂಡರು. “ಹಂಗಾರ ಸಿಮೆಂಟ್ ಹಾಕಸ್ತೀನಿ ತಗೋರಿ. ಅದು ತೊಳದಷ್ಟೂ ಚಲೋ ಕಾಣತದ.”

೩. ಯಾರು ಉಪಯೋಗಿಸುತ್ತಾರೆ?

ಇದೂ ಫಾರ್ಮಿನ ಒಂದು ಪ್ರಶ್ನೆ. ಮಕ್ಕಳು ಆಡುವುದಾದರೆ ಗಟ್ಟಿ ಹುಲ್ಲು ಬೇಕು, ಅದಕ್ಕಾಗಿ. ಖಾನಾಪುರದ ಒಬ್ಬ ಹೈಸ್ಕೂಲ್ ಮಾಸ್ತರರು, “ನಾವಿಬ್ಬರ ರೀ, ಸಂಜೀಕ ಕುಂದರಾಕ” ಎಂದರು. ಅವರ ತಾಯಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು.

“ತಂಗಿ, ಇದನ್ನ ಎಮ್ಮಿ ತಿಂತೈತೇನು?”

ಹಿತ್ತಲಲ್ಲಿ ಎಮ್ಮೆ ಇತ್ತು. ನಾನು ಸುಳ್ಳು ಹೇಳಲಿಲ್ಲ. “ತಿಂತದ ರೀ ಅಜ್ಜಿ.”

“ಹಂಗಾರ ಹಾಕ್ರಿ” ಎಂದರು ಅಜ್ಜಿ. ತಾಯಿ ಲಾನಿಗೆ ಒಪ್ಪಿದರು, ತಾನೇ ಗೆದ್ದೆ ಎಂದುಕೊಂಡರು ಮಗ.

ಗಣಪತಿ ಹಬ್ಬದ ಮಾರನೇ ವಾರ ಹೋದೆ. ಲಾನ್ ಇದ್ದಲ್ಲಿ ಮಣ್ಣಿತ್ತು. ಮಣ್ಣಿನ ಮೇಲೆ ಗೊರಸಿನ ಗುರುತು. ಮಾಸ್ತರರು ಶಾಲೆಗೆ ಹೋಗಿದ್ದರು. ಅಜ್ಜಿ ನನ್ನನ್ನು ಕೂಡಿಸಿ, ದೊಡ್ಡ ಲೋಟದಲ್ಲಿ ಹಾಲು ಕೊಟ್ಟರು.

“ಹುಲ್ಲ ಭಾಳ ಚಲೋ ಇತ್ತ ತಂಗಿ. ಎಮ್ಮಿ ಅರ್ಧ ಲೀಟರ್ ಹೆಚ್ಚಿಗಿ ಕೊಟ್ಟೈತಿ. ಇನ್ನೊಮ್ಮಿ ಯಾವಾಗ ಹಾಕತಿ?”

ವರದಿಯಲ್ಲಿ ನಿಜವನ್ನೇ ಬರೆದೆ: ‘ಗಿರಾಕಿಗೆ ಪೂರ್ಣ ತೃಪ್ತಿ. ಲಾನ್ ಇಲ್ಲ.’

೪. ಕಸ ತೆಗೆದದ್ದು

ಇನ್ನು ಉಳಿದದ್ದು ಒಂದೇ, ನೆಹರು ನಗರದ ಡಾಕ್ಟರ ಮನೆಯ ಲಾನ್. ಪೂರ್ತಿ ಬಿಸಿಲು, ಎಮ್ಮೆ ಇಲ್ಲ. ಸಂಡಿಗೆಯನ್ನು ಅಂಗಳದಲ್ಲೇ ಒಣಗಿಸುತ್ತಿದ್ದರು. ಕರಿಕಿ ಹಾಕಿಸಿದೆ. ದಸರೆಯ ಹೊತ್ತಿಗೆ ಅದು ಚಾಪೆಯಂತೆ ಕೂಡಿಕೊಂಡಿತು. ನಡುವೆ ಅಲ್ಲಲ್ಲಿ ಕಳೆ ಎದ್ದಿತ್ತು, ಅಷ್ಟೇ.

ಅದನ್ನು ಕೀಳಲು ಬೀಡಿ ಎಂಬ ಹಳ್ಳಿಯಿಂದ ಮೂವರು ಹೆಣ್ಣುಮಕ್ಕಳು ಬಂದರು. ಹುಟ್ಟಿದಾಗಿನಿಂದ ಹೊಲದಲ್ಲಿ ದುಡಿದವರು. “ಕಸಾ ಎಲ್ಲಾ ತೆಗೀರಿ, ಚಲೋದು ಅಷ್ಟ ಬಿಡ್ರಿ” ಎಂದು ಹೇಳಿ ನರ್ಸರಿಗೆ ಹೋದೆ.

ಸಂಜೆ ಬಂದಾಗ ಅಂಗಳ ಬಿತ್ತನೆಗೆ ಹದ ಮಾಡಿದ ಹೊಲದಂತಿತ್ತು. ಒಂದು ಎಳೆ ಕರಿಕಿ ಇರಲಿಲ್ಲ. ನಾಲ್ಕೈದು ಕಡೆ ರಾಜಗಿರಿ, ತುಂಬೆ, ನೆಲನೆಲ್ಲಿ ಗಿಡಗಳು ತಲೆ ಎತ್ತಿ ನಿಂತಿದ್ದವು.

ಹಿರಿಯಾಕೆ ಕಳೆ ಕೀಳುವ ಕುರಪಿ ಒರೆಸುತ್ತ ಹೆಮ್ಮೆಯಿಂದ ಹೇಳಿದಳು: “ಏನ್ ಕರಿಕಿ ಕಸಾ ಬಿದ್ದಿತ್ತವಾ! ನಡಾ ಬಿದ್ದ ಹೋತು. ಬೇರ ಸೈತ ಬಿಟ್ಟಿಲ್ಲ. ರಾಜಗಿರಿ ಪಲ್ಯಾಕ ಬರತೈತಿ, ಅದನ್ನ ಇಟ್ಟೀವಿ. ಕಾಮಣಿ ಜಡ್ಡಿಗೆ ನೆಲನೆಲ್ಲಿ ಔಷಧ. ಡಾಕ್ಟರ್ ಮನಿ ನೋಡು, ಬೇಕಾಗತೈತಿ.”

“ಕಿತ್ತದ್ದೆಲ್ಲಿ?” ಎಂದೆ.

“ಹೊಲದಾಗ ಇಡತಾರೇನು? ಮತ್ತ ಹತ್ತತೈತಿ. ಗೋಡಿ ಆಚೆ ಖುಲ್ಲಾ ಪ್ಲಾಟಿನ್ಯಾಗ ತೆಳ್ಳಗ ಹರವೀವಿ. ಬಿಸಲಿಗೆ ಸಾಯ್ಲಿ.”

ಡಾಕ್ಟರು ಸಂಜೆ ಬಂದು ನೋಡಿದರು. “ಇನ್ನ ನನ್ನ ಗೇಟಿನ ಒಳಗ ಕಾಲಿಡಬ್ಯಾಡ್ರಿ” ಎಂದರು. ಆ ರಾತ್ರಿ ಮಳೆ ಹಿಡಿಯಿತು. ನಾಲ್ಕು ದಿನ ಬಿಡಲಿಲ್ಲ. ನಾನು ಬಿ.ಎಡ್. ಅರ್ಜಿ ತರಿಸಿ, ಹೆಸರು, ವಿಳಾಸ ತುಂಬಿಟ್ಟೆ.

ದೀಪಾವಳಿಯ ಹಿಂದಿನ ದಿನ ಚಾಚಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಪಾಸಣೆಗೆ ಹೊರಟರು. ಡಾಕ್ಟರ ಗೇಟಿನೊಳಗೆ ರಾಜಗಿರಿ ಮೊಳಕಾಲುದ್ದ ಬೆಳೆದಿತ್ತು. ಚಾಚಾ ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗೋಡೆಯಾಚೆ ನೋಡಿದರು. ಆ ಖಾಲಿ ಪ್ಲಾಟಿನ ತುಂಬ ಹಸಿರು ಜಮಖಾನೆ ಹಾಸಿದಂತೆ ಕರಿಕಿ. ಅದರ ನಡುವೆ ಎರಡು ಬೆತ್ತದ ಕುರ್ಚಿ. ಒಂದರಲ್ಲಿ ಡಾಕ್ಟರು ಚಹಾ ಕುಡಿಯುತ್ತಿದ್ದರು.

“ಅದ್ಯಾರ ಲಾನ್ ಬೇಟಿ?”

“ನಮ್ಮದ ಚಾಚಾ. ಹುಲ್ಲು ನಾನ ಆರಿಸಿದ್ದು.”

ಚಾಚಾ ಗಡ್ಡ ಸವರಿಕೊಂಡರು. “ಒಂದ ಕಡೆ ಹಸರ ಇರಬೇಕಂದಿದ್ದೆ. ಯಾವ ಕಂಪೌಂಡ್ ಅಂತ ಹೇಳಿರಲಿಲ್ಲ. ನೌಕರಿ ಪಕ್ಕಾ.”

ಅಷ್ಟರಲ್ಲಿ ಡಾಕ್ಟರು ಕುರ್ಚಿಯಿಂದಲೇ ಕೂಗಿದರು. “ಚಾಚಾ, ಪ್ಲಾಟಿನವರು ಮುಂದಿನ ತಿಂಗಳ ಮನಿ ಕಟ್ಟತಾರಂತ. ಆ ಮೂರೂ ಹೆಣ್ಮಕ್ಕಳನ್ನ ಕರಸ್ರಿ. ಇಲ್ಲಿ ಕಿತ್ತು ಗೋಡಿ ಆಚೆ ನಮ್ಮ ಅಂಗಳದಾಗ ಹಚ್ಚಲಿ.”

ಕಾಯಂ ನೌಕರಿಯ ಮೊದಲ ಕೆಲಸವಾಗಿ, ಹಬ್ಬ ಮುಗಿದ ಮೇಲೆ ಬೀಡಿ ಬಸ್ಸಿಗೆ ಕಾದು ನಿಂತೆ. ಮೂವರೂ ಇಳಿದರು. ಆಗಬೇಕಾದ ಕೆಲಸ ವಿವರಿಸಿದೆ: ಆಚೆ ಕರಿಕಿ ಕೀಳುವುದು, ಈಚೆ ಡಾಕ್ಟರ ಅಂಗಳದಲ್ಲಿ ನೆಡುವುದು.

ಹಿರಿಯಾಕೆ ಕುರಪಿ ಕೆಳಗಿಟ್ಟು, ಉಳಿದಿಬ್ಬರ ಮುಖ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

“ತಂಗಿ, ಈ ಡಾಕ್ಟರನ್ನ ಯಾರರ ಚಲೋ ಡಾಕ್ಟರಿಗೆ ತೋರಿಸ್ಯಾರೇನು?”