ಜೌಗಿನ ಕಡತಕ್ಕೆ ಎಣ್ಣೆಸ್ನಾನ

ಚಿದಂಬರ: ಒಲೆಗೆ ಒಂದೇ ಒಂದು ಹೆಂಟೆ ಹಾಕೇ! ಮೈಗೆ ಎಣ್ಣೆ ಹಚ್ಕೊಂಡು ಅರ್ಧ ಗಂಟೆ ಆಯ್ತು!

ರತ್ನಪ್ರಭಾ: ಹಾಕಲ್ಲ. ಕೂಡದು ಅಂತ ನೀವೇ ಬರೆದಿದ್ದೀರಲ್ಲ.

ಎಪ್ಪತ್ತನಾಲ್ಕರ ಡಿಸೆಂಬರ್. ಡಿಪೋದಲ್ಲಿ ಕ್ಯೂ ಇತ್ತೇ ಹೊರತು ಸೀಮೆಎಣ್ಣೆ ಇರಲಿಲ್ಲ. ರಾಜಧಾನಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಹಿತ್ತಲಲ್ಲಿ ಸೆಕ್ಷನ್ ಆಫೀಸರ್ ಚಿದಂಬರ ಲಂಗೋಟಿಯಲ್ಲಿ ಗಡಗಡ ನಡುಗುತ್ತಾ ಮಣೆಯ ಮೇಲೆ ಕೂತಿದ್ದ. ಶನಿವಾರದ ಎಣ್ಣೆಸ್ನಾನ ತಪ್ಪಿಸಿದವನಲ್ಲ, ಪಾಪ. ಹತ್ತಕ್ಕೆ ಅವನ ಟಿಪ್ಪಣಿ ಸಾಹೇಬರ ಮೇಜಿನ ಮೇಲಿರಬೇಕು. ಫರೀದಾಬಾದಿನಾಚೆಯ ಜೌಗಿನಲ್ಲಿ ಹಳ್ಳಿಯವರು ಕೊಳೆತ ಹುಲ್ಲುಬೇರಿನ ಕರಿಮಣ್ಣಿನ ಹೆಂಟೆ ಕಡಿದು, ಒಣಗಿಸಿ, ಉರುವಲು ಮಾಡುವುದನ್ನು ಪೂರ್ತಿ ನಿಲ್ಲಿಸಬೇಕೆಂಬ ಇನ್ನೂರು ಪುಟದ ಟಿಪ್ಪಣಿ. ಅದೇ ಹೆಂಟೆಯನ್ನು ಅಲ್ಲಿನ ಚಮೇಲಿ ಎಂಬಾಕೆ ಹೊತ್ತು ತಂದು ಅವನ ಹೆಂಡತಿಗೇ ಮಾರುತ್ತಿದ್ದಳು. ಹೆಂಡತಿ ರತ್ನಪ್ರಭಾ ಗೋಣಿಮೂಟೆಯ ಮೇಲೆ ಗಟ್ಟಿಯಾಗಿ ಕೂತಿದ್ದಳು.

ಚಿದಂಬರ: ಜೌಗು ಬತ್ತಿದ್ರೆ ಹಕ್ಕಿಗಳು ಎಲ್ಲಿಗೆ ಹೋಗ್ಬೇಕು? ಬಾವಿಗಳಿಗೆ ನೀರೆಲ್ಲಿಂದ?

ರತ್ನಪ್ರಭಾ: ಚಮೇಲಿ ಎಲ್ಲಿಗೆ ಹೋಗ್ಬೇಕು? ಅವಳ ಅಜ್ಜಿ ಕಾಲದಿಂದ ಕಡೀತಿದ್ದಾರೆ.

ಚಿದಂಬರ: ದಾಖಲೆ ಕೇಳಿದ್ವಿ. ಕೊಡ್ಲಿಲ್ಲ.

ರತ್ನಪ್ರಭಾ: ಹೇಗೆ ಕಡೀತೀರಿ ಅಂತ ಕೇಳಿದ್ರಾ?

ಚಿದಂಬರ: ಅದಕ್ಕೆ ಫಾರಂನಲ್ಲಿ ಜಾಗ ಇಲ್ಲ ಕಣೇ!

ರತ್ನಪ್ರಭಾ: ಕೇಳಿ ಹಾಗಾದ್ರೆ. ಮೇಲಿನ ಹುಲ್ಲು ಬೇರುಸಮೇತ ಸುಲಿದು ಪಕ್ಕಕ್ಕಿಡ್ತಾರೆ. ಒಂದು ಗುದ್ದಲಿ ಆಳ ಮಣ್ಣು ತೆಗೆದು, ಹುಲ್ಲನ್ನ ಮತ್ತೆ ಹಾಗೇ ಹಾಸ್ತಾರೆ. ನಡುವಿನ ನೀರಿನ ಕಡೆ ಕಾಲಿಡಲ್ಲ. ಹಕ್ಕಿ ಮರಿ ಮಾಡೋ ತಿಂಗಳಲ್ಲಿ ಗುದ್ದಲೀನೇ ಮುಟ್ಟಲ್ಲ. ಜೌಗು ಹಾಳು ಮಾಡಿದ್ದು ಲಾರಿ ತರೋ ಕಂಟ್ರಾಕ್ಟರು.

ಚಿದಂಬರನಿಗೆ ನಾಚಿಕೆಯೂ ಆಯಿತು, ಸೀನೂ ಬಂತು. ಇನ್ನೂರು ಪುಟ ಬರೆದ ಮಹಾನುಭಾವನಿಗೆ ಇದರಲ್ಲಿ ಒಂದು ಸಾಲೂ ಗೊತ್ತಿರಲಿಲ್ಲ.

ಚಿದಂಬರ: ಅಚ್ಛಾ, ಲಾರಿ ಬಂದ್. ಮನೆಬಳಕೆಗೆ ಕಡೀಲಿ, ಮಾರೋ ಹಾಗಿಲ್ಲ. ಈಗ ಹಾಕು!

ಮೂಟೆಯ ಬಾಯಿಗೆ ಹೋಗಿದ್ದ ಕೈ ಮತ್ತೆ ಮಡಿಲಿಗೆ ಬಂತು.

ರತ್ನಪ್ರಭಾ: ಮಾರದಿದ್ರೆ ನಿಮ್ಮ ಸ್ನಾನ ಹೇಗ್ರೀ?

ಚಿದಂಬರ: ತಲೆಹೊರೆಯಷ್ಟು ಮಾರಬಹುದು! ಕೈಯೆಲ್ಲಾ ಎಣ್ಣೆ, ಹೊಸ ಟಿಪ್ಪಣಿ ನೀನೇ ಬರ್ಕೋ!

ಕಾಗದ, ಪೆನ್ನು ಅವಳ ಸೆರಗಿನ ಮರೆಯಲ್ಲೇ ಇದ್ದವು. ಹುಲ್ಲು ವಾಪಸ್ ಹಾಸುವುದು, ನಡುವಿನ ನೀರು ಮುಟ್ಟದಿರುವುದು, ಮರಿಯ ತಿಂಗಳು, ತಲೆಹೊರೆ, ಎಲ್ಲವನ್ನೂ ಅವನು ಹಲ್ಲು ಕಟಕಟಿಸುತ್ತಾ ಹೇಳಿದ. ಕೆಳಗೆ ಸಹಿ ಹಾಕಿದ. ಕಾಗದದ ಮೂಲೆಗೆ ಎಣ್ಣೆಯ ಹೆಬ್ಬೆಟ್ಟೂ ಬಿತ್ತು.

ಅವನು ಎಣ್ಣೆ ಇಳಿದ ಕಣ್ಣು ಉಜ್ಜಿಕೊಳ್ಳುತ್ತಿದ್ದಾಗ ರತ್ನಪ್ರಭಾ ಒಳಗೆ ಹೋಗಿ ತೋಳ ತುಂಬ ಏನೋ ತಂದು ಒಲೆಗೆ ತುರುಕಿದಳು. ಒಲೆ ಭಗ್ಗೆಂದಿತು. ಹಂಡೆಯಲ್ಲಿ ಹಬೆಯೆದ್ದದ್ದೇ ಚಿದಂಬರ ತಲೆಗೆ ಸೀಗೇಪುಡಿ ಮೆತ್ತಿಕೊಂಡು, ಚೊಂಬು ಮುಳುಗಿಸಿ ಸುರಿದುಕೊಂಡ.

ಚಿದಂಬರ: ಆಹಾ! ಹೆಂಟೆ ಅಂದ್ರೆ ಹೆಂಟೆ ಕಣೇ!

ರತ್ನಪ್ರಭಾ: ಹೆಂಟೆ ಬುಧವಾರವೇ ಮುಗೀತು.

ಚಿದಂಬರ: ಮತ್ತೆ ಆ ಮೂಟೆ?

ರತ್ನಪ್ರಭಾ: ಹಳೇ ಚಪ್ಪಲಿ.

ಚಿದಂಬರ: ಹಾಗಾದ್ರೆ ಉರೀತಿರೋದು?

ರತ್ನಪ್ರಭಾ: ನಿಮ್ಮ ಹಳೇ ಟಿಪ್ಪಣಿ. ಕಾರ್ಬನ್ ಪ್ರತಿಗಳ ಸಮೇತ.

ಚೊಂಬು ಕೈಜಾರಿ ಉರುಳಿತು. ಕಿರುಚೋಣವೆಂದು ಬಾಯಿ ತೆರೆದರೆ ತಲೆಯಿಂದಿಳಿದ ಸೀಗೇಪುಡಿ ಒಳಗೆ ನುಗ್ಗಿತು.

ರತ್ನಪ್ರಭಾ: ಬೇಗ ಹುಯ್ಕೊಳ್ರೀ. ಇನ್ನು ಅನುಬಂಧ ಒಂದೇ ಉಳಿದಿರೋದು.