ಒಳಗ ಒಬ್ರು ಅದಾರ

ನನಗೆ ಸಿಟ್ಟು ಬಂದಿದೆ ಎಂದರೆ ನಮ್ಮ ಮನೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಲ್ಲಿಯಲ್ಲಿ ನೀರು ಬಂದಿದೆ ಎಂದರೆ ಎಲ್ಲರೂ ಎದ್ದು ಓಡುತ್ತಾರೆ, ನನಗೆ ಸಿಟ್ಟು ಬಂದಿದೆ ಎಂದರೆ ಹೆಂಡತಿ ವಿಮಲಾ, "ಹೌದೇನ್ರಿ, ಹಂಗಾದ್ರ ಚಾ ಇಡ್ಲೇನು?" ಎನ್ನುತ್ತಾಳೆ. ಚಹಾ ಕುಡಿದ ಮೇಲೆ ಸಿಟ್ಟನ್ನು ಮುಂದುವರಿಸುವುದು ಎಷ್ಟು ಕಷ್ಟ ಎಂಬುದು ಅನುಭವಿಸಿದವರಿಗೇ ಗೊತ್ತು. ಬಾಯಲ್ಲಿ ಶುಂಠಿಯ ರುಚಿ ಇಟ್ಟುಕೊಂಡು ಯಾರನ್ನು ಬೈಯುವುದು? ಹೀಗೆ ನನ್ನ ಎಷ್ಟೋ ನ್ಯಾಯವಾದ ಸಿಟ್ಟುಗಳು ನಮ್ಮ ಲಿಂಗಂಪಲ್ಲಿಯ ಮನೆಯ ಚಹಾದಲ್ಲಿ ಕರಗಿಹೋಗಿವೆ. ಆದರೆ ಈ ಸಂಕ್ರಾಂತಿಯಲ್ಲಿ ಬಂದ ಸಿಟ್ಟು ಮಾತ್ರ ಚಹಾಕ್ಕೂ ಬಗ್ಗಲಿಲ್ಲ, ಎಳ್ಳುಹೋಳಿಗೆಗೂ ಬಗ್ಗಲಿಲ್ಲ. ಅದಕ್ಕೆ ಕಾರಣ, ನಾನು ಹೋಗಬೇಕೆಂದಿದ್ದ ಒಂದು ಜಾಗ ಸದಾ 'ಎಂಗೇಜ್' ಆಗಿದ್ದದ್ದು.

ಮಾಧಾಪುರದ ಕಡೆ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿರುವ ಈ ಕಾಲದಲ್ಲಿ, ಚಿಟಿಕೆ ಹೊಡೆಯುವುದರೊಳಗೆ ಅಮೆರಿಕದ ಜೊತೆ ಮಾತಾಡುವ ಈ ಊರಿನಲ್ಲಿ, ಎಂಗೇಜ್ ಎಂದು ಅಳುವವನು ಯಾವ ಪುಣ್ಯಾತ್ಮ ಎಂದು ನೀವು ಕೇಳಬಹುದು. ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಟರ್ನೆಟ್ ಎಂಬುದು ನಮ್ಮ ಮನೆಗಳಿಗೆ ಕಾಲಿಡುವ ಮೊದಲು ಸನತ್‌ನಗರದಲ್ಲಿ ದೇಸಾಯರು ಎಂಬ ಧಾರವಾಡದ ಕಡೆಯವರು ಒಂದು ಬುಲೆಟಿನ್ ಬೋರ್ಡು ನಡೆಸುತ್ತಿದ್ದರು. ಅವರದು ನಟ್ಟು ಬೋಲ್ಟು ಮಾಡುವ ಸಣ್ಣ ವರ್ಕ್‌ಶಾಪು. ಅದರ ಮೂಲೆಯಲ್ಲಿ ಒಂದು ಕಂಪ್ಯೂಟರು, ಅದಕ್ಕೊಂದು ಮೋಡೆಮ್ಮು, ಮೋಡೆಮ್ಮಿಗೆ ವರ್ಕ್‌ಶಾಪಿನ ಒಂದೇ ಒಂದು ಫೋನು. ಕೆಲಸ ಮುಗಿದ ಮೇಲೆ ಸಂಜೆ ನಾವು ನಮ್ಮ ನಮ್ಮ ಮನೆಯ ಕಂಪ್ಯೂಟರಿನಿಂದ ಆ ನಂಬರಿಗೆ ಫೋನು ಹಚ್ಚುವುದು. ಎರಡು ಮೋಡೆಮ್ಮುಗಳೂ ಬೆಕ್ಕುಗಳ ಹಾಗೆ ಕಿರುಚಾಡಿಕೊಂಡು ರಾಜಿಯಾದ ಮೇಲೆ ನಮ್ಮೆದುರು ಒಂದು ಕಪ್ಪು ಪರದೆ ತೆರೆಯುತ್ತಿತ್ತು. ಅದರಲ್ಲಿ ಉಳಿದವರು ಬರೆದಿಟ್ಟದ್ದನ್ನು ಓದಬೇಕು, ನಮ್ಮದನ್ನು ಬರೆದಿಡಬೇಕು, ಹೊರಗೆ ಬರಬೇಕು. ಫೋನು ಒಂದೇ ಆದ್ದರಿಂದ ಒಳಗೆ ಒಂದು ಸಲಕ್ಕೆ ಒಬ್ಬರೇ. ಒಂದೇ ಬಚ್ಚಲಿರುವ ವಠಾರದಲ್ಲಿ ಬಾಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನಾವು ಇದ್ದದ್ದೇ ಏಳೆಂಟು ಮಂದಿ, ಎಲ್ಲರೂ ಹೊಟ್ಟೆಪಾಡಿಗೆ ಹೈದರಾಬಾದಿಗೆ ಬಂದ ಕನ್ನಡದವರು. ಬರೆಯುತ್ತಿದ್ದದ್ದು ಕನ್ನಡ, ಅಕ್ಷರ ಮಾತ್ರ ಇಂಗ್ಲಿಷಿನದು. ನನಗೆ ಅದು ಎಷ್ಟು ದೊಡ್ಡ ಉಪಕಾರ ಮಾಡಿತೆಂದು ಹೇಳಬೇಕು. ಕಾರ್ಖಾನೆಯ ಸ್ಟೋರ್ಸ್ ಸೆಕ್ಷನ್ನಿನಲ್ಲಿ ನಾನು ಹಿಂದಿ ಮಾತಾಡುತ್ತಿದ್ದೆ, ಬಸ್ಸಿನಲ್ಲಿ ತೆಲುಗು, ತರಕಾರಿಯವನ ಜೊತೆ ಎರಡನ್ನೂ ಕಲಸಿದ್ದು. ಮನೆಯಲ್ಲಿ ಕನ್ನಡವೇನೋ ಇತ್ತು, ಆದರೆ ಅದು "ಕೊತ್ತಂಬರಿ ತಂದ್ರೇನು", "ಗ್ಯಾಸ್ ಬಂದ್ ಮಾಡಿದ್ರೇನು" ಎಂಬಲ್ಲಿಗೆ ಮುಗಿಯುತ್ತಿತ್ತು. ನನಗೂ ಅಭಿಪ್ರಾಯಗಳಿದ್ದವು, ಅವುಗಳನ್ನು ಕನ್ನಡದಲ್ಲಿ ಇಡಲು ಜಾಗವಿರಲಿಲ್ಲ. ದೇಸಾಯರ ಬೋರ್ಡು ಆ ಜಾಗ ಕೊಟ್ಟಿತು. ಹೈದರಾಬಾದಿನ ಹವೆಗೆ ಜೋಳದ ರೊಟ್ಟಿ ಎಷ್ಟು ದಿನ ಕಟಕ್ ಎನ್ನುತ್ತದೆ ಎಂಬ ವಿಷಯದ ಮೇಲೆ ನಾನು ಬರೆದದ್ದಕ್ಕೆ ಎಲ್ಲರೂ, ನಿಜವಾಗಿಯೂ ಎಲ್ಲರೂ, ಉತ್ತರ ಬರೆದಿದ್ದರು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಡ್ಡಹೆಸರು. ನಾಂಪಲ್ಲಿಯ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ರಾಯಚೂರಿನ ಸುಮಂಗಲಾ ಅವರದು 'ಕಟಕ ರೊಟ್ಟಿ'. ನನ್ನದು 'ನಿರ್ಲಿಪ್ತ'. ಆ ಹೆಸರನ್ನು ವಿಮಲಾಳಿಗೆ ಹೇಳಿದ ದಿನ ಅವಳು ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು ನಕ್ಕಳು.

ನಗಲಿ. ಆದರೆ ಆ ಕಾಲದಲ್ಲಿ ನನ್ನ ಸಾಹಿತ್ಯದ ದೊಡ್ಡ ಶತ್ರು ಅವಳೇ. ನಮ್ಮ ಅಡುಗೆಮನೆಯಲ್ಲಿ ಅದೇ ಲೈನಿಗೆ ಇನ್ನೊಂದು ಫೋನಿತ್ತು. ನಾನು ಇಲ್ಲಿ ಒಂದು ಸೊಗಸಾದ ವಾಕ್ಯದ ನಡುವೆ ಇರುವಾಗ ಅವಳು ಅಲ್ಲಿ ಕಲಬುರ್ಗಿಯ ತಂಗಿಗೆ ಮಾತಾಡಲು ಫೋನು ಎತ್ತುತ್ತಿದ್ದಳು. ಎತ್ತಿದ ಕ್ಷಣ ಲೈನು ಕಡಿದು ನಾನು ಬೋರ್ಡಿನ ಹೊರಗೆ ಬಿದ್ದಿರುತ್ತಿದ್ದೆ. ಎಲ್ಲರ ಮನೆಯಲ್ಲೂ ಹೀಗೆ ಫೋನು ಎತ್ತುವ ಒಬ್ಬರು ಇದ್ದರು. ಇದರ ಮೇಲೆ ದೇಸಾಯರೂ ಒಮ್ಮೆ, ಹೊರಗೆ ಬಹಳ ಜನ ಕಾಯುತ್ತಿದ್ದಾರೆಂದು, ತಮ್ಮ ಕಡೆಯಿಂದ ಒಂದು ಗುಂಡಿ ಒತ್ತಿ ನನ್ನನ್ನು ಹೊರಗೆ ಹಾಕಿದರು. ನಾನು ಕೆಂಡವಾದೆ. ಬರೆಯುವವನನ್ನು ಊಟದ ಎಲೆಯಿಂದ ಎಬ್ಬಿಸಿದ ಹಾಗೆ ಎಬ್ಬಿಸಬಾರದು ಎಂದು ವಾದಿಸಿ, ಜಗಳವಾಡಿ, 'ಒಳಗ ಬರಿಯಾವ್ರನ್ನ ಯಾರೂ ಎಬ್ಬಸಬಾರ್ದು' ಎಂಬ ನಿಯಮವನ್ನು ಬೋರ್ಡಿನ ಮೊದಲ ಪುಟದಲ್ಲೇ ಹಾಕಿಸಿದೆ. ಎಲ್ಲರೂ ಅದನ್ನು ದೇವರ ಮಾತಿನಂತೆ ಪಾಲಿಸಿದರು. ಪ್ರತಿ ಜನವರಿಗೆ ನಾವು ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ ಒಂದು ಮಿರ್ಚಿ ಭಜಿಯ ಅಂಗಡಿಯ ಮುಂದೆ ಸೇರುತ್ತಿದ್ದೆವು. ಅಲ್ಲಿಯೂ ಅದೇ ಅಭ್ಯಾಸ: ಒಬ್ಬರು ಮಾತು ಪೂರ್ತಿ ಮುಗಿಸಿ, ಎದ್ದು ನೀರು ಕುಡಿಯಲು ಹೋದ ಮೇಲೆಯೇ ಇನ್ನೊಬ್ಬರು ಶುರುಮಾಡುವುದು. ನೋಡಿದವರು ನಮ್ಮನ್ನು ಯಾವುದೋ ಶೋಕಸಭೆಯವರೆಂದು ತಿಳಿಯುತ್ತಿದ್ದರು.

ಆಮೇಲೆ ಇಂಟರ್ನೆಟ್ ಬಂತು. ದೇಸಾಯರ ಮೋಡೆಮ್ಮು ಒಂದು ಮಳೆಗಾಲದ ಸಿಡಿಲಿಗೆ ಸತ್ತಿತು. ಯಾರೂ ಅಳಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಎಲ್ಲರೂ ದೊಡ್ಡ ಊರಿಗೆ ಹೊರಟುಹೋಗಿದ್ದರು. ನಾನೂ ಹೋದೆ. ಅಲ್ಲಿನ ಗುಂಪುಗಳಲ್ಲಿ ಸಾವಿರಗಟ್ಟಲೆ ಜನ, ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಯಾರೂ ನೀರು ಕುಡಿಯಲು ಏಳುವುದಿಲ್ಲ. ಇರಾನಿ ಚಹಾದ ಬಗ್ಗೆ ನಾನು ಯೋಚಿಸಿ, ತಿದ್ದಿ, ಒಂದು ವಾರ ಕುಳಿತು ಬರೆದದ್ದನ್ನು ಹಾಕಿದೆ. ನಾನೇ ಅದನ್ನು ಇನ್ನೊಮ್ಮೆ ಓದಿ ಮುಗಿಸುವುದರೊಳಗೆ ಯಾರೋ ಒಬ್ಬ ನನ್ನನ್ನು ದಡ್ಡ ಎಂದಿದ್ದ. ಇನ್ನೊಬ್ಬ ಅವನನ್ನು ದಡ್ಡ ಎಂದಿದ್ದ. ಮೂರನೆಯವನು ಒಂದು ನಗುವ ಮುಖ ಹಾಕಿದ್ದ. ಅದು ನನ್ನ ಚಹಾಕ್ಕೆ ನಕ್ಕದ್ದೋ ಅವರ ಜಗಳಕ್ಕೆ ನಕ್ಕದ್ದೋ ಇವತ್ತಿಗೂ ತಿಳಿದಿಲ್ಲ. ಕೊನೆಯವರೆಗೆ ಓದಿದವರು ಒಬ್ಬರೂ ಇರಲಿಲ್ಲ. ನನಗೆ ಅವಮಾನವಾಯಿತು, ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಹೀಗಿರುವಾಗ ಹೋದ ಡಿಸೆಂಬರಿನಲ್ಲಿ ದೇಸಾಯರು ಸುದ್ದಿ ಕಳಿಸಿದರು. ಹಳೆಯ ಬೋರ್ಡನ್ನು ಅದೇ ಕಪ್ಪು ಪರದೆ, ಅದೇ ಅಡ್ಡಹೆಸರುಗಳ ಸಮೇತ ಮತ್ತೆ ಎಬ್ಬಿಸಿದ್ದೇನೆ, ಈಗ ಫೋನು ಬೇಡ, ಇಂಟರ್ನೆಟ್ಟಿನಿಂದಲೇ ಬರಬಹುದು, ಎಲ್ಲರೂ ಒಟ್ಟಿಗೇ ಬರಬಹುದು ಎಂದು. ಆ ಕೊನೆಯ ಮಾತು ಓದಿ ನನ್ನ ಮೈ ಉರಿಯಿತು. ಎಲ್ಲರೂ ಒಟ್ಟಿಗೇ ಬಂದರೆ ಅದು ಬೋರ್ಡೋ, ಕೋಠಿಯ ಬಸ್‌ಸ್ಟ್ಯಾಂಡೋ? ಒಬ್ಬರೇ ಇರಬೇಕು, ಉಳಿದವರಿಗೆ ಎಂಗೇಜ್ ಬರಬೇಕು, ಅದೇ ಅದರ ಮರ್ಯಾದೆ ಎಂದು ಉದ್ದುದ್ದ ಬರೆದೆ. ಪಾಪ, ದೇಸಾಯರು ಒಪ್ಪಿದರು. ಹಾಗಾದರೆ ತಲಾ ಅರ್ಧ ಗಂಟೆ ಎಂದು ಮಿತಿ ಹಾಕಲೇ ಎಂದು ಕೇಳಿದರು. ಬರೆಯುವವರಿಗೆ ಗಡಿಯಾರ ತೋರಿಸುತ್ತೀರಾ ಎಂದು ಅದಕ್ಕೂ ಹಾರಾಡಿದೆ. ಅದನ್ನೂ ಒಪ್ಪಿ, ತಮ್ಮದೊಂದು ಮಾತು ಸೇರಿಸಿದರು: ಎಕ್ಸಿಬಿಷನ್ನಿನಲ್ಲಿ ಸೇರುವ ತನಕ ನೋಡುವುದು, ಅಷ್ಟರೊಳಗೆ ಯಾರಿಗೂ ಬರೆಯುವ ಉಮೇದು ಕಾಣದಿದ್ದರೆ ಬಂದ್ ಮಾಡಿ ಆ ಕಂಪ್ಯೂಟರನ್ನು ವರ್ಕ್‌ಶಾಪಿನ ಬಿಲ್ಲು ಬರೆಯಲು ಕೊಡುವುದು.

ಹಬ್ಬದ ರಜೆಯ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ನಮ್ಮ ಸೆಕ್ಷನ್ನಿನಲ್ಲಿ ಟೆಂಡರು ನೋಡಲೆಂದು ಇಟ್ಟಿರುವ ಇಂಟರ್ನೆಟ್ ಕಂಪ್ಯೂಟರಿನ ಮುಂದೆ ಕುಳಿತೆ. ಬೋರ್ಡಿನೊಳಗೆ ಹೋದೆ. ಮೊದಲ ಪುಟದಲ್ಲಿ ನನ್ನ ನಿಯಮ ಹಾಗೇ ಇತ್ತು. ಕಣ್ಣು ತೇವವಾಯಿತು. ಇಷ್ಟು ವರ್ಷದ ಮಾತನ್ನೆಲ್ಲ ಬರೆದೆ, ಕೊನೆಗೆ, 'ನೀವೆಲ್ಲ ಹೇಗಿದ್ದೀರಿ, ನನ್ನನ್ನು ಇನ್ನೂ ಯಾರಾದರೂ ಓದುತ್ತೀರಾ' ಎಂದು ಕೇಳಿ ಕಳಿಸಿದೆ. ಅಷ್ಟರಲ್ಲಿ ಮ್ಯಾನೇಜರು ಬಂದರು. ಕಪ್ಪು ಪರದೆಯನ್ನು ಕೆಳಕ್ಕೆ ತಳ್ಳಿ ಟೆಂಡರನ್ನು ಮೇಲಕ್ಕೆ ತಂದೆ. ಅವರು ಹಬ್ಬದ ಶುಭಾಶಯ ಹೇಳಿಯೇ ಅರ್ಧ ಗಂಟೆ ನಿಂತರು. ಆಮೇಲೆ ನಮ್ಮ ಸೆಕ್ಷನ್ನಿನ ಪದ್ಧತಿಯಂತೆ, ಟಿವಿ ಆರಿಸುವ ಹಾಗೆ ಪರದೆಯನ್ನು ಆರಿಸಿ, ಧೂಳು ಕೂರದ ಹಾಗೆ ಹೊದಿಕೆ ಹೊದಿಸಿ, ಹೊಸ ಸಾಹಿತಿಯ ನಡಿಗೆಯಲ್ಲಿ ಮನೆಗೆ ಬಂದೆ.

ಸಂಜೆ ಉತ್ತರ ಬಂದಿದೆಯೇ ಎಂದು ಮನೆಯ ಕಂಪ್ಯೂಟರಿನಲ್ಲಿ ನೋಡಿದರೆ, 'ಒಳಗ ಒಬ್ರು ಅದಾರ. ಸ್ವಲ್ಪ ತಡೀರಿ' ಎಂದು ಬಂತು. ಸಂತೋಷವೇ ಆಯಿತು. ಯಾರೋ ನನ್ನದನ್ನು ಓದುತ್ತಿದ್ದಾರೆ. ಊಟವಾದ ಮೇಲೆ ನೋಡಿದೆ: ಒಳಗ ಒಬ್ರು ಅದಾರ. ಭೋಗಿಯ ದಿನ ಎಣ್ಣೆ ಹಚ್ಚಿಕೊಂಡು ನೋಡಿದೆ, ಸ್ನಾನ ಮಾಡಿ ನೋಡಿದೆ: ಅದಾರ. ಸಂಕ್ರಾಂತಿಯ ದಿನವೂ ಅದಾರ. ಈಗ ನೀವೇ ಹೇಳಿ, ನನ್ನ ಬರಹವನ್ನು ಅಕ್ಷರ ಕೂಡಿಸಿಕೊಂಡು ಓದಿದರೂ ಎಷ್ಟು ಹೊತ್ತು ಬೇಕು? ಕಾಲ ಮೇಲೆ ಕಾಲು ಹಾಕಿಕೊಂಡು ಒಳಗೆ ಕುಳಿತುಬಿಡುವುದೇ? ಹೊರಗೆ ಮನುಷ್ಯರು ಕಾಯುತ್ತಾರೆಂಬ ಪರಿಜ್ಞಾನ ಬೇಡವೇ? ಸುಮಂಗಲಾ ಅವರೇ ಇರಬೇಕು, ಬ್ಯಾಂಕಿನವರಿಗೆ ರಜೆ ಜಾಸ್ತಿ ಎಂದು ತೀರ್ಮಾನಿಸಿದೆ. ಮಧ್ಯಾಹ್ನಕ್ಕೆ ಮನಸ್ಸು ಬದಲಿಸಿ ದೇಸಾಯರ ಮೇಲೇ ಸಂಶಯಪಟ್ಟೆ. ವಿಮಲಾ ಎರಡು ಸಲ ಚಹಾ ಕೊಟ್ಟು ನೋಡಿದಳು, ಪ್ರಯೋಜನವಾಗಲಿಲ್ಲ. ಇಷ್ಟು ಪರೇಶಾನ್ ಆಗುವ ಬದಲು ದೇಸಾಯರಿಗೆ ಒಂದು ಫೋನು ಹಚ್ಚಿ ಕೇಳಬಾರದೇ ಎಂದಳು. ನಾನೇಕೆ ಕೇಳಲಿ? ನನ್ನನ್ನು ಓದುತ್ತೀರಾ ಎಂದು ಒಮ್ಮೆ ಕೇಳಿದ್ದಾಗಿದೆ. ಎರಡನೆಯ ಸಲ ಕೇಳಿದರೆ ಅದು ಭಿಕ್ಷೆಯಾಗುತ್ತದೆ. ಸಿಟ್ಟಿನ ಬುಡದಲ್ಲಿ ಇದ್ದದ್ದು ಅದೇ: ಇವರಿಗೂ ನಾನು ಬೇಡವಾದೆನೇ ಎಂಬ ಹೆದರಿಕೆ.

ರಜೆಯ ಕೊನೆಯ ದಿನ ನಾನೂ ವಿಮಲಾಳೂ ಎಕ್ಸಿಬಿಷನ್ನಿಗೆ ಹೊರಟೆವು. ಲಿಂಗಂಪಲ್ಲಿಯಿಂದ ನಾಂಪಲ್ಲಿಯವರೆಗೆ ಲೋಕಲ್ ರೈಲಿನಲ್ಲಿ ಕುಳಿತು ನಾನು ಭಾಷಣ ತಯಾರು ಮಾಡಿದೆ. ಬೇಗಂಪೇಟೆಯ ಹೊತ್ತಿಗೆ ಅದು ಎಷ್ಟು ಖಾರವಾಗಿತ್ತೆಂದರೆ, ಎದುರು ಕುಳಿತವರು ನನ್ನ ತುಟಿ ಅಲ್ಲಾಡುವುದನ್ನು ಕಂಡು ಮಗುವನ್ನು ಆಚೆ ಸರಿಸಿಕೊಂಡರು. ಭಜಿಯ ಅಂಗಡಿಯ ಮುಂದೆ ದೇಸಾಯರು, ಸುಮಂಗಲಾ, ಉಳಿದ ಹಳಬರು ಎಲ್ಲ ಇದ್ದರು. ತಲೆ ಬೆಳ್ಳಗಾದದ್ದು ಬಿಟ್ಟರೆ ಹಾಗೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಎಲ್ಲರೂ ಎದ್ದು ನಿಂತರು. ನನಗೆ ಕುರ್ಚಿ ಬಂತು. ದೇಸಾಯರು ದನಿ ತಗ್ಗಿಸಿ ಕೇಳಿದರು:

"ಮುಗೀತೇನ್ರಿ?"

ಏನು ಮುಗಿಯುವುದು ಎಂದೆ.

"ಬರಿಯಾದು. ಆ ಶುಕ್ರವಾರದಿಂದ ನೀವು ಒಳಗ ಅದೀರಲ್ರಿ. ಇವರೆಲ್ಲ ನನಗ ಫೋನ್ ಮಾಡಿ ಕೇಳಿದ್ರು, ನಿರ್ಲಿಪ್ತರು ಏನೋ ಭಾಳ ದೊಡ್ಡದು ಬರಿಯಾಕತ್ತಾರ, ಎಬ್ಬಸಬಾರ್ದು ಅಂತ ಹೇಳೀನಿ. ನಿಯಮ ಮಾಡಿದವ್ರು ನೀವ ಅಲ್ಲೇನ್ರಿ."

ಹೊದಿಕೆಯ ಕೆಳಗೆ, ಆರಿಸಿದ ಪರದೆಯ ಹಿಂದೆ, ಚಾಲೂ ಇದ್ದ ಕಂಪ್ಯೂಟರು ನನ್ನ ಕಣ್ಣ ಮುಂದೆ ಬಂತು. ಮ್ಯಾನೇಜರಿಗೆ ಹೆದರಿ ಕೆಳಕ್ಕೆ ತಳ್ಳಿದ ಕಪ್ಪು ಪರದೆಯಿಂದ ನಾನು ಹೊರಗೆ ಬಂದೇ ಇರಲಿಲ್ಲ. ಕಾರ್ಖಾನೆಯ ಹೊಸ ಇಂಟರ್ನೆಟ್ ಲೈನು ಹಗಲೂ ರಾತ್ರಿ ಕಡಿಯದಂಥದು. ಅಷ್ಟರಲ್ಲಿ ಸುಮಂಗಲಾ ತಮ್ಮ ಸರದಿಗೆ ಶುರುಮಾಡಿದ್ದರು.

"ದಿನಾ ಮುಂಜಾನೆ ಚಾ ಕುಡಕೋತ ನೋಡ್ತೀನ್ರಿ. ಒಳಗ ಒಬ್ರು ಅದಾರ ಅಂತ ಬರ್ತದ. ನೀವ ಅದೀರಿ ಅಂತ ಗೊತ್ತಿತ್ತಲ್ಲ, ಮನಸ್ಸಿಗೆ ಆರಾಮ ಆಗ್ತಿತ್ತು. ಓದಾಕ ಕಾಯಾಕತ್ತೀನಿ."

ಆಮೇಲೆ ಮತ್ತೆ ದೇಸಾಯರ ಸರದಿ. ಬಂದ್ ಮಾಡುವ ಯೋಚನೆಯನ್ನು ಬಿಟ್ಟಾಯಿತು, ಹಬ್ಬ ಹುಣ್ಣಿಮೆ ನೋಡದೆ ಕುಳಿತು ಬರೆಯುವವರು ಒಬ್ಬರಿದ್ದರೂ ಸಾಕು, ಬಿಲ್ಲನ್ನು ಕೈಯಲ್ಲೇ ಬರೆದರಾಯಿತು ಎಂದರು. ಎದ್ದು ನೀರು ಕುಡಿಯಲು ಹೋದರು. ಈಗ ನನ್ನ ಸರದಿ. ನಾನು ಮುಗಿಸಿ ನೀರಿಗೆ ಏಳುವ ತನಕ ಯಾರೂ ನಡುವೆ ಬಾಯಿ ಹಾಕುವವರಲ್ಲ. ರೈಲಿನಲ್ಲಿ ತಯಾರಿಸಿದ ಭಾಷಣವನ್ನು ನುಂಗಿಕೊಂಡೆ, ಅದರ ಖಾರ ಭಜಿಗಿಂತ ಹೆಚ್ಚಿತ್ತು. ವಿಮಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹಬ್ಬವೆಲ್ಲ ನಾನು ಒಂದಕ್ಷರವೂ ಬರೆದಿಲ್ಲವೆಂದು ಅವಳಿಗೆ ತಿಳಿದಿತ್ತು. ನಾನು ಹೇಳಿದ್ದು ಇಷ್ಟೇ:

"ಇನ್ನೂ ಸ್ವಲ್ಪ ಬಾಕಿ ಐತ್ರಿ."

ಮರುದಿನ ಕಾರ್ಖಾನೆಗೆ ಹೋಗಿ ಹೊದಿಕೆ ತೆಗೆದೆ. ನಾನು ಒಳಗೇ ಇದ್ದೆ. ಒಂದು ಗುಂಡಿ ಒತ್ತಿ ಹೊರಗೆ ಬರಬಹುದಿತ್ತು, ಆದರೆ ಆ ಭಾಳ ದೊಡ್ಡದು ಎಲ್ಲಿ ಎಂದು ಅವರು ಕೇಳಿದರೆ? ಅಂದಿನಿಂದ ಅದನ್ನೇ ಬರೆಯುತ್ತಿದ್ದೇನೆ. ಟೆಂಡರು ಮೇಲೆ, ಸಾಹಿತ್ಯ ಕೆಳಗೆ. ಎಷ್ಟು ಬರೆದರೂ ಹಬ್ಬವೆಲ್ಲ ಕುಳಿತು ಬರೆದದ್ದರಷ್ಟು ದೊಡ್ಡದು ಅನ್ನಿಸುವುದಿಲ್ಲ. ಓದುವವರಿಲ್ಲ ಎಂದು ಸಿಟ್ಟಾಗಿ ಕೂರುವುದು ಎಷ್ಟು ಸುಖದ ಕೆಲಸವಾಗಿತ್ತು ಎಂದು ಈಗ ಗೊತ್ತಾಗುತ್ತಿದೆ. ಸುಮಂಗಲಾ ದಿನಾ ಚಹಾ ಕುಡಿಯುತ್ತ ಕಾಯುತ್ತಿದ್ದಾರೆ, ದೇಸಾಯರು ಯಾರಿಗೂ ಎಬ್ಬಿಸಲು ಬಿಡುವುದಿಲ್ಲ. ನಿನ್ನೆ ಸೋತು ವಿಮಲಾಳಿಗೆ ಎಲ್ಲ ಹೇಳಿದೆ, ನಿನ್ನ ಹಾಗೆ ಯಾರಾದರೂ ಫೋನು ಎತ್ತಿ ನನ್ನನ್ನು ಹೊರಗೆ ಹಾಕಿದ್ದರೆ ಚೆನ್ನಾಗಿತ್ತು ಎಂದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ.

"ಆವಾಗ ಎತ್ತಿದ್ರ ಸಿಟ್ಟಿಗೇಳ್ತಿದ್ರಿ. ಈಗ ಎತ್ತು ಅಂದ್ರ ಯಾವ ಫೋನ್ ಎತ್ತಲಿ? ಕುಂತು ಬರೀರಿ."

ಬರೆಯುತ್ತಿದ್ದೇನೆ. ಈ ಸಲ ಅವಳು ಚಹಾ ಇಡಲೇ ಎಂದು ಕೂಡ ಕೇಳಲಿಲ್ಲ.