ಹದಿನೈದು ತುಂಬುವ ಮೊದಲು

ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಳ್ಳಿಗಳಲ್ಲಿ ಇಪ್ಪತ್ತು ವರ್ಷದಿಂದ ಲಸಿಕೆ ಡಬ್ಬಿ ಹೊತ್ತು ತಿರುಗುತ್ತಿರುವ ನರ್ಸ್ ನಾನು. ಯಾವ ಹೊಸ ಲಸಿಕೆ ಬಂದರೂ ಒಂದು ಮಾತ್ರ ತಪ್ಪುವುದಿಲ್ಲ: ಬೇಕಾದವರು ಮನೆಯಲ್ಲಿ ಅಡಗಿರುತ್ತಾರೆ, ಬೇಡದವರು ಸಾಲಿನಲ್ಲಿ ಮೊದಲು ನಿಂತಿರುತ್ತಾರೆ. ಈ ಸಲ ಬಂದದ್ದು ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ. ಹದಿನಾಲ್ಕು ತುಂಬಿ, ಹದಿನೈದು ತುಂಬದ ಹುಡುಗಿಯರಿಗೆ ಮಾತ್ರ.

ಮೊದಲ ಗಿರಾಕಿ

ಕೆಂಚಾರ್ಲಹಳ್ಳಿಯಲ್ಲಿ ಮೇಜು ಹಾಕುವ ಮೊದಲೇ ಅಂಗಿಯ ತೋಳು ಮಡಿಸಿ ನಿಂತವರು ಎಪ್ಪತ್ತು ದಾಟಿದ ಯಜಮಾನರು.

"ತಾತ, ಇದು ಹುಡುಗೀರಿಗೆ."

"ಯಾಕಮ್ಮ, ನಾವೇನು ವೋಟ್ ಹಾಕಲ್ವಾ?"

ಗರ್ಭಕಂಠ ಅಂದರೇನು, ಎಲ್ಲಿರುತ್ತದೆ ಅಂತ ನಾಚಿಕೆ ಬಿಟ್ಟು ವಿವರಿಸಿದೆ. ತಾತ ಗಂಭೀರವಾಗಿ ತಲೆಯಾಡಿಸಿದರು.

"ಸರಿ ಬಿಡು, ಅದು ನನಗಿಲ್ಲ. ಮಂಡಿ ಇದೆಯಲ್ಲ, ಅದಕ್ಕೇ ಹಾಕು."

ಗೋಡೆಯ ಮೇಲಿನ ಕಾಯಿಲೆಗಳು

ಇನ್ನೊಂದು ಊರಿನ ಶಾಲೆಯಲ್ಲಿ ಒಬ್ಬಳಿಗೆ ಸೂಜಿ ಕಂಡರೇ ನಡುಕ.

"ನಂಗೆ ಜ್ವರ ಸಿಸ್ಟರ್." ನೋಡಿದರೆ ಮೈ ತಣ್ಣಗಿದೆ.

"ಹಂಗಾದ್ರೆ ಅಲರ್ಜಿ."

"ಯಾವುದಕ್ಕಮ್ಮ?"

ಅವಳ ಕಣ್ಣು ನನ್ನ ಭುಜದಾಚೆ ಹರಿಯಿತು. ನನ್ನ ಹಿಂದಿನ ಗೋಡೆಗೆ 'ಯಾರು ಹಾಕಿಸಿಕೊಳ್ಳಬಾರದು' ಅನ್ನುವ ಪಟ್ಟಿ ಅಂಟಿಸಿದ್ದೆ. ಮೂರನೇ ಕಾರಣ ಹೇಳಲು ಬಾಯಿ ತೆರೆದವಳು ಪಕ್ಕದಲ್ಲಿದ್ದ ಅಮ್ಮನನ್ನು ನೋಡಿ ಪಟ್ಟನೆ ಮುಚ್ಚಿ, ಸುಮ್ಮನೆ ತೋಳು ಚಾಚಿದಳು.

ಪಟ್ಟಿಯ ಮೂರನೇ ಸಾಲು: ಗರ್ಭಿಣಿಯರು.

ಮೇಲೂರಿನ ಅಜ್ಜಿ

ಮೇಲೂರಿನಲ್ಲಿ ಒಬ್ಬ ಅಜ್ಜಿ ಮೊಮ್ಮಗಳನ್ನು ಎಳೆದುಕೊಂಡೇ ಬಂದರು. ಶಾಲೆಯ ದಾಖಲೆಯಲ್ಲಿ ಹುಡುಗಿಗೆ ಹದಿನೈದು ತುಂಬಿ ಎರಡು ವಾರ.

"ಆಗಲ್ಲ ಅಜ್ಜಿ."

"ಶಾಲೇಗೆ ಬೇಗ ಸೇರಿಸ್ಕೊಳ್ಲಿ ಅಂತ ನಾನೇ ಆರು ತಿಂಗಳು ಜಾಸ್ತಿ ಹೇಳಿದ್ದೆ ಕಣಮ್ಮ. ಮನೇಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕೋದಾ, ಇವಳ ಹಿಂದೆ ಓಡೋದಾ?"

"ಆಗೊಂದು ಲೆಕ್ಕ, ಈಗೊಂದು ಲೆಕ್ಕನಾ?"

ಅಜ್ಜಿಯ ದನಿ ತಗ್ಗಿತು. "ನಮ್ಮಕ್ಕ ಇದೇ ಕಾಯಿಲೇಲಿ ಹೋಗಿದ್ದು. ನನ್ನ ಸುಳ್ಳಿಗೆ ಇವಳಿಗೆ ತಪ್ಪಿ ಹೋಗ್ಬಾರ್ದು."

"ಹುಟ್ಟಿದ ದಿನ ಬರೆದಿರೋ ತಾಯಿ ಕಾರ್ಡ್ ಇದ್ದರೆ ತನ್ನಿ" ಅಂದೆ.

ಅಜ್ಜಿ ಮನೆಗೆ ಓಡಿ, ಟ್ರಂಕಿನ ತಳದಿಂದ ತೆಗೆದ ಹಳದಿ ಬಣ್ಣಕ್ಕೆ ತಿರುಗಿದ ಕಾರ್ಡ್ ತಂದರು. ಹುಟ್ಟಿದ ದಿನವೇನೋ ಇತ್ತು, ಆದರೆ ಓದಲು ಬಿಸಿಲಿಗೆ ಹಿಡಿಯಬೇಕಾಯಿತು.

"ಯಾವ ಪುಣ್ಯಾತ್ಗಿತ್ತಿ ಅಜ್ಜಿ ಇದನ್ನ ಬರೆದಿದ್ದು? ಕೋಳಿ ಕೆದಕಿದ ಹಾಗಿದೆ!"

ಅಜ್ಜಿ ಹಾಳೆ ತಿರುಗಿಸಿ, ಕೆಳಗಿನ ಸಹಿಯ ಮೇಲೆ ಬೆರಳಿಟ್ಟರು. ನನ್ನದೇ.

"ನೀನೇ ಕಣಮ್ಮ!"

ಶಿಬಿರಕ್ಕೆ ಬಂದಿದ್ದ ಡಾಕ್ಟರು ತಾರೀಖು ನೋಡಿ ಒಪ್ಪಿದರು. ನನ್ನ ಅಕ್ಷರ ನೋಡಿ ನಕ್ಕರು. ನಾನು ತಲೆ ತಗ್ಗಿಸಿ ಸಿರಿಂಜು ತುಂಬಿದೆ. ಹುಡುಗಿ ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಅಜ್ಜಿ ಬೆನ್ನು ಸವರಿದರು:

"ಹೆದರ್ಬೇಡ ಕಣೇ. ಒಂದೂವರೆ ತಿಂಗಳ ಕೂಸಾಗಿದ್ದಾಗ ನಿನ್ನ ತೊಡೆಗೆ ಚುಚ್ಚಿದ್ದೂ ಇವ್ರೇ. ಚುಚ್ಚೋದು ಚೆನ್ನಾಗಿ ಚುಚ್ತಾರೆ. ಬರೆಯೋಕೆ ಮಾತ್ರ ಬಿಡ್ಬಾರ್ದು."